ಡ್ರೈಯರ್ ತಿರುಗುತ್ತದೆ, ಬಿಸಿಯಾಗುವುದಿಲ್ಲ: ಹೀಟರ್ ಬದಲಿಸುವ ಮುಂಚೆ

ಪ್ರಶ್ನೆ: ನಮ್ಮ ಮನೆಯ ಬಟ್ಟೆ ಡ್ರೈಯರ್‌ಗೆ ಆರು ವರ್ಷ. ಕರೆಂಟಿನದು, ಹಿಂದೆ ಪೈಪ್ ಹಾಕಿ ಗಾಳಿಯನ್ನು ಹೊರಗೆ ಬಿಡುವ ಮಾದರಿ. ಈಗ ಡ್ರಮ್ ಚೆನ್ನಾಗಿ ತಿರುಗುತ್ತದೆ, ದೀಪ ಉರಿಯುತ್ತದೆ, ಟೈಮರ್ ಓಡುತ್ತದೆ, ಬಿಸಿ ಮಾತ್ರ ಇಲ್ಲ. ಒಂದು ಗಂಟೆ ಬಿಟ್ಟರೂ ಬಟ್ಟೆ ತಣ್ಣಗೆ, ಹಸಿಹಸಿ. ಇದಕ್ಕೆ ಮುಂಚೆ ಒಂದೆರಡು ತಿಂಗಳಿಂದ ಒಣಗಲು ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಹೀಟರ್ ಹೋಗಿದೆ ಅಂದುಕೊಂಡು ಹೊಸದನ್ನು ತರಿಸಿದ್ದೇನೆ. ಮಲ್ಟಿಮೀಟರ್ ಇದೆ, ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವೂ ಇದೆ. ನಾನೇ ಹಾಕಬಹುದಾ? ಥರ್ಮಲ್ ಫ್ಯೂಸ್‌ಗೆ ವೈರ್ ತುಂಡು ಸೇರಿಸಿ ನೇರ ಮಾಡಿ ನೋಡು ಎಂದು ಸ್ನೇಹಿತರೊಬ್ಬರು ಹೇಳಿದರು. ಅದು ಸರಿಯಾ?

ಉತ್ತರ: ನೀವೇ ಹಾಕಬಹುದು. ಆದರೆ ಹೀಟರ್‌ನ ಪ್ಯಾಕೆಟ್ ಇನ್ನೂ ಒಡೆದಿಲ್ಲವಾದರೆ ಹಾಗೇ ಇಡಿ. ಅದನ್ನು ವಾಪಸ್ ಕಳಿಸಬೇಕಾಗಿ ಬರಬಹುದು. ವೈರ್ ಸೇರಿಸಿ ನೇರ ಮಾಡುವುದಂತೂ ಬೇಡವೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದೇ ವಾಕ್ಯ: "ಒಂದೆರಡು ತಿಂಗಳಿಂದ ಜಾಸ್ತಿ ಹೊತ್ತು ಹಿಡಿಯುತ್ತಿತ್ತು." ಹೀಟರ್ ಕಾಯಿಲ್ ಹಾಗೆ ಸಾಯುವುದಿಲ್ಲ. ನಿನ್ನೆ ಚೆನ್ನಾಗಿ ಕಾಯುತ್ತಿದ್ದದ್ದು ಇವತ್ತು ಪೂರ್ತಿ ತಣ್ಣಗೆ, ಅದು ಕಾಯಿಲ್ ತುಂಡಾದ ಲಕ್ಷಣ. ಎರಡು ಕಾಯಿಲ್ ಇರುವ ಮೆಷಿನ್‌ಗಳಲ್ಲಿ ಒಂದು ಹೋಗಿ ಅರ್ಧ ಬಿಸಿಯಲ್ಲಿ ಓಡುವುದುಂಟು, ಆದರೆ ಅಲ್ಲೂ ವ್ಯತ್ಯಾಸ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ದಿನೇ ದಿನೇ ನಿಧಾನವಾಗುತ್ತಾ ಬಂದು ಕೊನೆಗೆ ನಿಂತದ್ದು ಎಂದರೆ ನನ್ನ ಮೊದಲ ಅನುಮಾನ ಗಾಳಿಯ ಮೇಲೆ. ಹೀಟರ್ ಬದಲಿಸಿ ಗಾಳಿಯ ದಾರಿಯನ್ನು ಹಾಗೇ ಬಿಟ್ಟರೆ ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದ ಹಾಗಾಗುತ್ತದೆ.

ಒಳಗೆ ನಡೆಯುವುದು ಇಷ್ಟು. ಕೋಣೆಯ ಗಾಳಿ ಮೊದಲು ಹೀಟರ್ ಇರುವ ತಗಡಿನ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಕಾದು ಡ್ರಮ್ಮಿಗೆ ಬರುತ್ತದೆ. ಬಟ್ಟೆಯ ತೇವ ಹೊತ್ತುಕೊಂಡು ಲಿಂಟ್ (ಬಟ್ಟೆಯ ಜುಂಗು) ಹಿಡಿಯುವ ಫಿಲ್ಟರ್ ದಾಟುತ್ತದೆ. ಆಮೇಲೆ ಬ್ಲೋವರ್ ಫ್ಯಾನ್ ಅದನ್ನು ಪೈಪಿನ ಮೂಲಕ ಹೊರಗೆ ತಳ್ಳುತ್ತದೆ. ಈ ದಾರಿಯಲ್ಲಿ ಎಲ್ಲೇ ಕಟ್ಟಿಕೊಂಡರೂ ಹೀಟರ್ ಮೇಲೆ ಹಾಯುವ ಗಾಳಿ ಕಡಿಮೆಯಾಗುತ್ತದೆ. ಕಾಯಿಲ್ ಅಷ್ಟೇ ಬಿಸಿ ಉಗುಳುತ್ತಿರುತ್ತದೆ, ಅದನ್ನು ಒಯ್ಯುವವರಿಲ್ಲ. ಪೆಟ್ಟಿಗೆ ಮಿತಿಮೀರಿ ಕಾಯುತ್ತದೆ. ಆ ಪೆಟ್ಟಿಗೆಯ ಮೇಲೇ ಒಂದು ಹೈ ಲಿಮಿಟ್ ಥರ್ಮೋಸ್ಟಾಟ್ ಕೂತಿದೆ. ಅನೇಕ ಮಾದರಿಗಳಲ್ಲಿ ಅದು 120 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೀಟರ್‌ನ ಕರೆಂಟ್ ಕಡಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ. ಹೀಗೆ ಕಡಿದು ಕೊಟ್ಟು, ಕಡಿದು ಕೊಟ್ಟು ಓಡಿದಾಗ ಬಟ್ಟೆಗೆ ಸಿಗುವ ಬಿಸಿ ಅರ್ಧಕ್ಕೆ ಇಳಿಯುತ್ತದೆ. ನೀವು ತಿಂಗಳುಗಟ್ಟಲೆ ಕಂಡದ್ದು ಇದೇ ಇರಬೇಕು. ಈ ಥರ್ಮೋಸ್ಟಾಟ್ ದಿನಾ ಇಷ್ಟು ಸಲ ಕೆಲಸ ಮಾಡಲೆಂದು ಇಟ್ಟದ್ದಲ್ಲ. ಒಂದು ದಿನ ಅದು ಸೋಲುತ್ತದೆ. ಇಲ್ಲವೇ ಬಿಸಿ ಅದನ್ನೂ ಮೀರಿ ಏರಿ, ಪಕ್ಕದಲ್ಲೇ ಇರುವ ಥರ್ಮಲ್ ಕಟ್-ಆಫ್ (ಮಿತಿಮೀರಿ ಕಾದರೆ ಹಾರುವ ಫ್ಯೂಸಿನಂಥ ಭಾಗ) ಶಾಶ್ವತವಾಗಿ ತೆರೆದುಕೊಳ್ಳುತ್ತದೆ, ಅಂದರೆ ಹೀಟರ್‌ನ ಕರೆಂಟ್ ಕಡಿದುಬಿಡುತ್ತದೆ. ಆವತ್ತಿನಿಂದ ಡ್ರಮ್ ತಿರುಗುತ್ತದೆ, ಬಿಸಿ ಇಲ್ಲ.

ಬರೀ ಬಿಸಿ ಇದ್ದರೆ ಬಟ್ಟೆ ಒಣಗುವುದೂ ಇಲ್ಲ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ನೋಡಿ. 5 ಕಿಲೋ ಒಣ ಹತ್ತಿ ಬಟ್ಟೆ, ವಾಷಿಂಗ್ ಮೆಷಿನ್ ಹಿಂಡಿದ ಮೇಲೂ ಸುಮಾರು 3 ಲೀಟರ್ ನೀರು ಇಟ್ಟುಕೊಂಡಿರುತ್ತದೆ. ಒಂದು ಲೀಟರ್ ನೀರನ್ನು ಆವಿ ಮಾಡಲು ಹತ್ತಿರಹತ್ತಿರ 0.63 ಯೂನಿಟ್ ಕರೆಂಟ್ ಬೇಕು. ಮೂರು ಲೀಟರಿಗೆ 1.9 ಯೂನಿಟ್. 2000 ವ್ಯಾಟ್ ಹೀಟರ್ ಒಂದು ಚೂರೂ ಸೋರದೆ ಕೆಲಸ ಮಾಡಿದರೂ ಒಂದು ಗಂಟೆ ಹಿಡಿಯುವ ಕೆಲಸ ಇದು. ಅಷ್ಟು ಆವಿಯೂ ಆ ಪೈಪಿನಿಂದಲೇ ಹೊರಗೆ ಹೋಗಬೇಕು, ಅಲ್ವಾ? ಹೋಗದಿದ್ದರೆ ಬಟ್ಟೆ ಬಿಸಿ ಬಿಸಿಯಾಗಿ ಒದ್ದೆಯಾಗಿಯೇ ಕೂತಿರುತ್ತದೆ. (ಹಿಂಡುವ ವೇಗ ಹೆಚ್ಚಿಸಿದರೆ ಡ್ರೈಯರ್‌ನ ಅರ್ಧ ತಲೆನೋವು ಅಲ್ಲೇ ಕಡಿಮೆಯಾಗುತ್ತದೆ. ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಿಬಿಟ್ಟೆ.)

ಸ್ಕ್ರೂ ಬಿಚ್ಚುವ ಮುಂಚೆ

ಸೆಟ್ಟಿಂಗ್ ನೋಡಿ. ಬಿಸಿ ಇಲ್ಲದೆ ಬರೀ ಗಾಳಿ ಬೀಸುವ ಪ್ರೋಗ್ರಾಮ್ ಬಹುತೇಕ ಎಲ್ಲ ಡ್ರೈಯರ್‌ಗಳಲ್ಲೂ ಇರುತ್ತದೆ. ಗುಂಡಿ ಅಲ್ಲಿ ಕೂತಿದ್ದಕ್ಕೆ ಮೆಕ್ಯಾನಿಕ್ ಕರೆಸಿದವರು ಇದ್ದಾರೆ.

ಆಮೇಲೆ ಮೆಷಿನ್ನಿಗೆ ಬರುವ ಕರೆಂಟ್. ಕೆಲವು ದೇಶಗಳಲ್ಲಿ ದೊಡ್ಡ ಡ್ರೈಯರ್‌ಗೆ 240 ವೋಲ್ಟ್ ಅನ್ನು 120ರ ಎರಡು ಸಾಲಾಗಿ ಕೊಡುತ್ತಾರೆ. ಮೋಟಾರ್ ಒಂದೇ ಸಾಲಿನಲ್ಲಿ ಓಡುತ್ತದೆ, ಹೀಟರ್‌ಗೆ ಎರಡೂ ಬೇಕು. ಜೋಡಿ ಬ್ರೇಕರ್‌ನಲ್ಲಿ ಒಂದು ಕಡೆ ಬಿದ್ದಿದ್ದರೆ ಥೇಟ್ ನಿಮ್ಮದೇ ಲಕ್ಷಣ: ತಿರುಗುತ್ತದೆ, ಕಾಯುವುದಿಲ್ಲ. ಅಂಥ ಮನೆಯಾದರೆ ಬ್ರೇಕರನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ. 230 ವೋಲ್ಟಿನ ಒಂದೇ ಸಾಲಿರುವ ಕಡೆ ಈ ಪ್ರಶ್ನೆಯೇ ಇಲ್ಲ. ಅಲ್ಲಿ ಕರೆಂಟ್ ಇಲ್ಲದಿದ್ದರೆ ಡ್ರಮ್ಮೂ ತಿರುಗುವುದಿಲ್ಲ.

ಈಗ ಗಾಳಿ. ಲಿಂಟ್ ಫಿಲ್ಟರ್ ತೆಗೆದು ಜುಂಗನ್ನೆಲ್ಲ ಕಿತ್ತು, ನಲ್ಲಿಯ ಕೆಳಗೆ ಹಿಡಿಯಿರಿ. ಕಣ್ಣಿಗೆ ಸ್ವಚ್ಛವಾಗಿ ಕಂಡ ಜಾಲರಿಯ ಮೇಲೂ ಕೆಲವೊಮ್ಮೆ ನೀರು ಹಾಗೇ ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್‌ನ ಜಿಡ್ಡು ಕಣ್ಣಿಗೆ ಕಾಣದ ಪೊರೆ ಕಟ್ಟಿರುತ್ತದೆ. ನೀರು ನಿಲ್ಲುವ ಕಡೆ ಗಾಳಿಯೂ ಸರಾಗವಾಗಿ ಹೋಗುವುದಿಲ್ಲ. ಬಿಸಿ ನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಷ್ ಸಾಕು. ಪೂರ್ತಿ ಒಣಗಿಸಿ ಹಾಕಿ.

ನಂತರ ಮೆಷಿನ್ ಹಿಂದಿನ ಪೈಪ್. ಇಲ್ಲಿ ಸ್ವಲ್ಪ ಹೊತ್ತು ಕೊಡಿ, ಕಾಯಿಲೆ ಹೆಚ್ಚಾಗಿ ಸಿಗುವುದು ಇಲ್ಲೇ. ಮೆಷಿನ್ನನ್ನು ಗೋಡೆಗೆ ಒತ್ತಿ ತಳ್ಳಿದಾಗ ಹಿಂದಿನ ಪೈಪ್ ಜಜ್ಜಿ ಚಪ್ಪಟೆಯಾಗಿರುತ್ತದೆ. ಮುಂದಿನಿಂದ ಅದು ಕಾಣುವುದಿಲ್ಲ. ಪೈಪ್ ಕಳಚಿ ಒಳಗೆ ಟಾರ್ಚ್ ಬಿಡಿ. ಸುರುಳಿ ಸುರುಳಿಯಾಗಿ ಬಗ್ಗುವ ಪೈಪಾದರೆ ಪ್ರತಿ ಮಡಿಕೆಯಲ್ಲೂ ಬೂದು ಬಣ್ಣದ ಲಿಂಟ್ ಕೂತಿರುತ್ತದೆ. ತೇವ ತಗಲಿದ ಕಡೆ ಅದು ಒದ್ದೆ ಕಾಗದದ ಹಾಗೆ ಗಟ್ಟಿಯಾಗಿ ಅಂಟಿರುತ್ತದೆ. ಹೊರಗಿನ ತುದಿಯ ಮುಚ್ಚಳವನ್ನೂ ನೋಡಿ. ಗಾಳಿ ಬಂದಾಗ ಅದು ಪೂರ್ತಿ ಮೇಲೇಳಬೇಕು. ಹಕ್ಕಿ ಬರುತ್ತದೆ ಎಂದು ಅಲ್ಲಿ ಸಣ್ಣ ಜಾಲರಿ ಬಡಿದಿದ್ದರೆ ಕಿತ್ತುಬಿಡಿ. ಲಿಂಟ್ ಹಿಡಿಯಲು ಅದಕ್ಕಿಂತ ಒಳ್ಳೆಯ ಬಲೆ ಬೇರೆ ಇಲ್ಲ.

ಕರೆಂಟಿನ ಡ್ರೈಯರ್ ಆದ್ದರಿಂದ ಒಂದು ಪರೀಕ್ಷೆ ಮಾಡಬಹುದು. ಪೈಪ್ ಕಳಚಿದ ಹಾಗೇ ಮೆಷಿನ್ನನ್ನು ಐದು ನಿಮಿಷ ಓಡಿಸಿ, ಹಿಂದಿನ ಬಾಯಿಗೆ ಕೈ ಹಿಡಿಯಿರಿ. ಗಾಳಿ ಜೋರಾಗಿ ನುಗ್ಗಬೇಕು. ಜೋರಾಗಿದ್ದು, ಪೈಪ್ ಹಾಕಿದಾಗ ಹೊರತುದಿಯಲ್ಲಿ ಮೆತ್ತಗಾದರೆ ತಪ್ಪು ಪೈಪಿನದು. ಮೆಷಿನ್ನಿನ ಬಾಯಲ್ಲೇ ಮೆತ್ತಗಿದ್ದರೆ ಕಟ್ಟಿಕೊಂಡಿರುವುದು ಒಳಗೆ: ಫಿಲ್ಟರ್ ಕೂರುವ ಗೂಡಿನ ಕೆಳಗೆ ಅಥವಾ ಬ್ಲೋವರ್ ಫ್ಯಾನಿನ ರೆಕ್ಕೆಗಳ ನಡುವೆ. ಗ್ಯಾಸ್ ಡ್ರೈಯರ್ ಇರುವವರು ಈ ಪರೀಕ್ಷೆ ಮಾಡಬಾರದು. ಅದರ ಹೊಗೆ ಮನೆಯೊಳಗೆ ಬರುತ್ತದೆ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು.

ಮೀಟರ್ ಹಿಡಿದು

ಪ್ಲಗ್ ಕಿತ್ತು, ಅದು ಕಣ್ಣಿಗೆ ಕಾಣುವ ಹಾಗೆ ಮೆಷಿನ್ ಮೇಲೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನೇರ ವೈರಿಂಗ್ ಆಗಿದ್ದರೆ ಬ್ರೇಕರ್ ಇಳಿಸಿ, ಇಳಿದಿದೆಯೇ ಎಂದು ಮೀಟರ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ. ಈಗ ಓಡಿಸಿದ್ದರೆ ಅರ್ಧ ಗಂಟೆ ತಣ್ಣಗಾಗಲು ಬಿಡಿ. ಕೈಗೆ ದಪ್ಪ ಗ್ಲೌಸ್ ಹಾಕಿ. ಇದು ಸುಮ್ನೆ ಹೇಳುವ ಮಾತಲ್ಲ, ಒಳಗಿನ ತಗಡಿನ ಅಂಚುಗಳು ಬ್ಲೇಡಿನಷ್ಟೇ ಚೂಪು. ಮೋಟಾರಿನ ಪಕ್ಕ ಡಬ್ಬಿಯಂಥ ಕೆಪಾಸಿಟರ್ ಕಂಡರೆ ಅದರ ಕಾಲುಗಳನ್ನು ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅದು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಕರೆಂಟ್ ಇರುವಾಗ ಅಳೆಯುವ ಕೆಲಸ ಈ ರಿಪೇರಿಯಲ್ಲಿ ನಿಮಗೆ ಎಲ್ಲೂ ಬೇಕಾಗುವುದಿಲ್ಲ.

ಯಾವುದನ್ನಾದರೂ ಕಳಚುವ ಮುಂಚೆ ಫೋನಿನಲ್ಲಿ ಫೋಟೋ ತೆಗೆಯಿರಿ. ಹೀಟರ್ ಪೆಟ್ಟಿಗೆ ಕೆಲವು ಮಾದರಿಗಳಲ್ಲಿ ಹಿಂಬದಿಯ ತಗಡು ಬಿಚ್ಚಿದರೆ ಸಿಗುತ್ತದೆ, ಕೆಲವದರಲ್ಲಿ ಮುಂದಿನ ಪ್ಯಾನೆಲ್ ಮತ್ತು ಡ್ರಮ್ ಎರಡನ್ನೂ ತೆಗೆಯಬೇಕು. ಬಹಳ ಮೆಷಿನ್‌ಗಳಲ್ಲಿ ವೈರಿಂಗ್ ನಕ್ಷೆಯನ್ನು ಮಡಚಿ ಒಳಗೇ ಎಲ್ಲಾದರೂ ಸಿಕ್ಕಿಸಿಟ್ಟಿರುತ್ತಾರೆ: ಗುಂಡಿಗಳ ಪ್ಯಾನೆಲ್ ಹಿಂದೆ ಅಥವಾ ಮುಂದಿನ ತಗಡಿನ ಒಳಮೈಯಲ್ಲಿ. ಹುಡುಕಿ ನೋಡಿ. ಯಾವ ಫ್ಯೂಸ್ ಯಾವುದನ್ನು ಕಡಿಯುತ್ತದೆ ಎಂದು ನಿಮ್ಮ ಮಾದರಿಗೆ ಸರಿಯಾಗಿ ಹೇಳುವುದು ಆ ಕಾಗದವೇ. ಬ್ಲೋವರ್ ಪಕ್ಕದ ಥರ್ಮಲ್ ಫ್ಯೂಸ್ ಕೆಲವು ಮೆಷಿನ್‌ಗಳಲ್ಲಿ ಮೋಟಾರನ್ನೇ ನಿಲ್ಲಿಸುತ್ತದೆ, ಇನ್ನು ಕೆಲವದರಲ್ಲಿ ಹೀಟರನ್ನು ಮಾತ್ರ. ನಿಮ್ಮದು ಮೊದಲನೇ ಥರದ್ದಾದರೆ, ಡ್ರಮ್ ತಿರುಗುತ್ತಿರುವುದೇ ಆ ಫ್ಯೂಸ್ ಚೆನ್ನಾಗಿದೆ ಎನ್ನುವುದಕ್ಕೆ ಸಾಕ್ಷಿ. ಆಗ ಹೀಟರ್ ಪೆಟ್ಟಿಗೆಯ ಮೇಲಿನ ಕಟ್-ಆಫ್ ಕಡೆ ಹೋಗಿ.

ಮೀಟರನ್ನು 200 ಓಮ್ ಸ್ಥಾನಕ್ಕೆ ತಿರುಗಿಸಿ. ಎರಡು ಪ್ರೋಬ್ ತುದಿ ಒಂದಕ್ಕೊಂದು ಮುಟ್ಟಿಸಿದಾಗ 0.2, 0.3 ಅಂತೇನೋ ತೋರಿಸುತ್ತದೆ. ಅದು ವೈರ್‌ನದೇ ಓಮ್, ಲೆಕ್ಕದಿಂದ ಕಳೆಯಿರಿ. ಇನ್ನೊಂದು ಮಾತು ಮರೆಯಬೇಡಿ: ಅಳೆಯುವ ಭಾಗದಿಂದ ಒಂದು ವೈರನ್ನಾದರೂ ಕಳಚಲೇಬೇಕು. ಹಾಗೇ ಅಳೆದರೆ ಮೀಟರಿನ ಕರೆಂಟ್ ಬೇರೆ ದಾರಿಯಿಂದ, ಮೋಟಾರ್ ಸುರುಳಿಯ ಮೂಲಕವೋ ದೀಪದ ಮೂಲಕವೋ ಸುತ್ತಿ ಬಂದು, ಸತ್ತ ಭಾಗವನ್ನೂ ಬದುಕಿದೆ ಎಂದು ತೋರಿಸುತ್ತದೆ. ಕಳಚುವಾಗ ವೈರ್ ಹಿಡಿದು ಎಳೆಯಬೇಡಿ, ತುದಿಯ ಲೋಹದ ಟರ್ಮಿನಲ್ ಹಿಡಿದು ಎಳೆಯಿರಿ.

ಮೊದಲು ಥರ್ಮಲ್ ಕಟ್-ಆಫ್ ಮತ್ತು ಹೈ ಲಿಮಿಟ್. ಎರಡೂ ರೂಪಾಯಿ ನಾಣ್ಯದಷ್ಟು ಅಗಲದ ಬಿಲ್ಲೆಗಳು, ಎರಡೆರಡು ಕಾಲು. ತಣ್ಣಗಿರುವಾಗ ಎರಡೂ ಸೊನ್ನೆಯ ಹತ್ತಿರ ತೋರಿಸಬೇಕು. ಮೀಟರ್ ಏನೂ ಕದಲದೆ 1 ಅಥವಾ ಒಎಲ್ ಎಂದು ನಿಂತರೆ ಅದು ತೆರೆದುಕೊಂಡಿದೆ, ಹೋಗಿದೆ. ಕೆಲವು ಮೆಷಿನ್‌ಗಳಲ್ಲಿ, ಅದರಲ್ಲೂ ಕಂಡೆನ್ಸರ್ ಮಾದರಿಗಳಲ್ಲಿ (ಆವಿಯನ್ನು ಹೊರಗೆ ಬಿಡದೆ ಒಳಗೇ ನೀರು ಮಾಡುವಂಥವು), ಬಿಲ್ಲೆಯ ನಡುವೆ ಒಂದು ಪುಟ್ಟ ರೀಸೆಟ್ ಗುಂಡಿ ಇರುತ್ತದೆ. ಒತ್ತಿದರೆ ಟಕ್ ಎಂದು ಕೂರುತ್ತದೆ, ಮೆಷಿನ್ ಮತ್ತೆ ಕಾಯುತ್ತದೆ. ಒಂದು ಸಲ ಒತ್ತಿ, ಪರವಾಗಿಲ್ಲ. ಮತ್ತೆ ಹಾರಿದರೆ ಒತ್ತುತ್ತಾ ಕೂರಬೇಡಿ, ಕಾರಣ ಹುಡುಕಿ. ಬಟ್ಟೆ ಒಣಗುತ್ತಿರುವಾಗ ಕರೆಂಟ್ ಹೋದರೂ, ನಡುವೆ ನೀವೇ ಆಫ್ ಮಾಡಿದರೂ ಇದು ಹಾರುವುದುಂಟು. ಫ್ಯಾನ್ ನಿಂತಿರುತ್ತದೆ, ಕಾಯಿಲ್ ಇನ್ನೂ ಕೆಂಪಗಿರುತ್ತದೆ, ಬಿಸಿ ಹೋಗಲು ದಾರಿ ಇರುವುದಿಲ್ಲ. ಅದಕ್ಕೇ ಕೊನೆಯ ಕೂಲ್‌ಡೌನ್ ನಿಮಿಷಗಳನ್ನು ಆತುರಪಟ್ಟು ಕಡಿಯಬಾರದು.

ಕಟ್-ಆಫ್ ಹೋಗಿದ್ದರೆ ಅದರ ಜೊತೆಗೆ ಹೈ ಲಿಮಿಟ್ ಥರ್ಮೋಸ್ಟಾಟನ್ನೂ ಬದಲಿಸಿ, ಮೀಟರ್‌ನಲ್ಲಿ ಚೆನ್ನಾಗಿ ತೋರಿಸಿದರೂ ಸರಿ. ಕಟ್-ಆಫ್ ಹಾರಬೇಕಾಗಿ ಬಂದದ್ದೇ ಹೈ ಲಿಮಿಟ್ ತನ್ನ ಕೆಲಸ ಸರಿಯಾಗಿ ಮಾಡದ್ದಕ್ಕೆ ಇರಬಹುದು. ಅನೇಕ ಕಂಪನಿಗಳು ಎರಡನ್ನೂ ಒಂದೇ ಕಿಟ್ ಮಾಡಿ ಮಾರುವುದು ಇದೇ ಕಾರಣಕ್ಕೆ. ಹೊಸದರ ಮೈಮೇಲೆ ಬರೆದ ಡಿಗ್ರಿ ಹಳೆಯದರಷ್ಟೇ ಇರಬೇಕು. "ಸ್ವಲ್ಪ ಜಾಸ್ತಿ ಇದ್ದರೆ ಬೇಗ ಹೋಗಲ್ಲ" ಎಂದು ಹೆಚ್ಚಿನದನ್ನು ಹಾಕುವವರಿದ್ದಾರೆ. ಹಾಗೆ ಮಾಡಬೇಡಿ.

ಈಗ ನಿಮ್ಮ ಸ್ನೇಹಿತರ ಸಲಹೆ. ಆ ಫ್ಯೂಸ್‌ಗೆ ವೈರ್ ತುಂಡು ಹಾಕಿದರೆ ಮೆಷಿನ್ ಖಂಡಿತ ಕಾಯುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ. ಕಾದಿತು, ಕೆಲಸ ಆಯಿತು ಎಂದು ಮುಚ್ಚಿಟ್ಟುಬಿಡುತ್ತಾರೆ. ಕೆಂಪಗೆ ಕಾಯುವ ಕಾಯಿಲ್, ಸುತ್ತ ಹತ್ತಿಯಂಥ ಲಿಂಟ್, ಗಾಳಿ ಕಟ್ಟಿದ ಪೈಪ್, ನಡುವೆ ನಿಲ್ಲಿಸುವವರು ಯಾರೂ ಇಲ್ಲ. ಡ್ರೈಯರ್ ಬೆಂಕಿ ಹೊತ್ತುವುದು ಹೀಗೇ. ಫ್ಯೂಸ್ ಹೋಗಿದೆಯೇ ಎಂದು ತಿಳಿಯಲು ಮೀಟರ್ ಸಾಕು. ಅದಕ್ಕಾಗಿ ಫ್ಯೂಸ್ ನೇರ ಮಾಡಿ ಓಡಿಸಬೇಕಾದ ಅಗತ್ಯವೇ ಇಲ್ಲ.

ಕಟ್-ಆಫ್, ಹೈ ಲಿಮಿಟ್ ಎರಡೂ ಸರಿಯಿದ್ದರೆ ಹೀಟರ್‌ಗೆ ಬನ್ನಿ. ಎಷ್ಟು ಓಮ್ ಬರಬೇಕು ಎನ್ನುವುದನ್ನು ನೀವೇ ಲೆಕ್ಕ ಹಾಕಬಹುದು: ವೋಲ್ಟನ್ನು ವೋಲ್ಟಿನಿಂದಲೇ ಗುಣಿಸಿ, ವ್ಯಾಟಿನಿಂದ ಭಾಗಿಸಿ. 230 ವೋಲ್ಟಿಗೆ 2000 ವ್ಯಾಟ್ ಆದರೆ ಸುಮಾರು 26 ಓಮ್, 2500 ವ್ಯಾಟ್ ಆದರೆ 21. 240 ವೋಲ್ಟಿನ 5400 ವ್ಯಾಟ್ ಮೆಷಿನ್‌ನಲ್ಲಿ 10.7ರ ಹತ್ತಿರ. ಒಂದೆರಡು ಓಮ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಏನೂ ತೋರಿಸದಿದ್ದರೆ ಕಾಯಿಲ್ ತುಂಡಾಗಿದೆ. ಎರಡು ಕಾಯಿಲ್ ಇದ್ದರೆ ಬೇರೆ ಬೇರೆ ಅಳೆಯಿರಿ. ಆಮೇಲೆ ಒಂದು ಪ್ರೋಬ್ ಹೀಟರ್ ಕಾಲಿಗೆ, ಇನ್ನೊಂದು ಪೆಟ್ಟಿಗೆಯ ಬರೀ ತಗಡಿಗೆ ಇಡಿ. ಇಲ್ಲಿ ಏನೂ ತೋರಿಸಬಾರದು. ಓಮ್ ಬಂದರೆ ಕಾಯಿಲ್ ಜೋತುಬಿದ್ದು ತಗಡಿಗೆ ತಾಗುತ್ತಿದೆ ಎಂದರ್ಥ. ಅದು ಹೋಗಿದ್ದಕ್ಕಿಂತ ಅಪಾಯ.

ತುಂಡಾದ ಕಾಯಿಲ್ ಕಣ್ಣಿಗೆ ಕಾಣುತ್ತದೆಯೇ? ಕಾಯಿಲ್ ಮುಚ್ಚದೆ ತೆರೆದಿಟ್ಟ ಮಾದರಿಯಾದರೆ ಕಾಣುತ್ತದೆ, ಆದರೆ ಸುಲಭಕ್ಕಲ್ಲ. ಸುರುಳಿಯ ಒಂದು ಕಡೆ ಕುಣಿಕೆಗಳು ಸಡಿಲವಾಗಿ ಇಳಿಬಿದ್ದಿರುತ್ತವೆ. ತುಂಡಾದ ತುದಿ ಕರಗಿ ಸಾಸಿವೆ ಕಾಳಿನಂಥ ಬೂದು ಗುಂಡು ಆಗಿರುತ್ತದೆ. ಎಷ್ಟೋ ಸಲ ಮುರಿದಿರುವುದು ಬಿಳಿ ಪಿಂಗಾಣಿ ಆಸರೆಯ ಒಳಗೆ, ಅಲ್ಲಿ ಎರಡು ತುದಿ ಎದುರುಬದುರು ಕೂತು ಸೇರಿಕೊಂಡ ಹಾಗೇ ಕಾಣುತ್ತವೆ. ಅದಕ್ಕೇ ಕಣ್ಣನ್ನು ನಂಬಬೇಡಿ, ಮೀಟರನ್ನು ನಂಬಿ. ಕೊಳವೆಯೊಳಗೆ ಮುಚ್ಚಿದ ಹೀಟರ್‌ಗಾದರೆ ಮೀಟರ್ ಬಿಟ್ಟು ಬೇರೆ ದಾರಿಯೇ ಇಲ್ಲ. ತುಂಡಾದ ಎರಡು ತುದಿ ಹೊಸೆದು ಗಂಟು ಹಾಕುವ ಯೋಚನೆ ಬೇಡ. ಆ ಗಂಟೇ ಎಲ್ಲಕ್ಕಿಂತ ಜಾಸ್ತಿ ಕಾದು, ಬಟ್ಟೆ ಪೂರ್ತಿ ಒಣಗುವ ಮುಂಚೆ ಮತ್ತೆ ಹೋಗುತ್ತದೆ.

ಹೀಟರ್ ಕಾಲಿಗೆ ಸಿಕ್ಕಿಸಿದ ಟರ್ಮಿನಲ್‌ಗಳನ್ನು ಹತ್ತಿರದಿಂದ ನೋಡಿ. ಚೆನ್ನಾಗಿರುವುದು ಹೊಳೆಯುತ್ತದೆ, ಕೂರುವಾಗ ಬಿಗಿಯಾಗಿ ಕೂರುತ್ತದೆ. ಸಡಿಲವಾದದ್ದು ಕಂದು ಅಥವಾ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ, ವೈರಿನ ಹೊದಿಕೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಮೂಗು ಹತ್ತಿರ ತಂದರೆ ಸುಟ್ಟ ಮೀನಿನಂಥ ವಾಸನೆಯೂ ಬರಬಹುದು. ಹೀಟರ್, ಫ್ಯೂಸ್ ಎಲ್ಲ ಸರಿಯಿದ್ದೂ ಬಿಸಿ ಇಲ್ಲದಿದ್ದರೆ ತಪ್ಪು ಎಷ್ಟೋ ಸಲ ಈ ಒಂದು ಟರ್ಮಿನಲ್‌ನಲ್ಲೇ ಇರುತ್ತದೆ. ಹೊಸ ಹೀಟರ್‌ಗೆ ಹಳೆಯ ಸುಟ್ಟ ಟರ್ಮಿನಲ್ ಸಿಕ್ಕಿಸಿದರೆ ಹೊಸದರ ಕಾಲೂ ಸುಡುತ್ತದೆ. ವೈರನ್ನು ತಾಮ್ರ ಹೊಳೆಯುವ ತನಕ ಹಿಂದಕ್ಕೆ ಕತ್ತರಿಸಿ, ಬಿಸಿ ತಡೆಯುವ ಟರ್ಮಿನಲ್ಲನ್ನು ಸರಿಯಾದ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ ಕೂರಿಸಿ. ಇನ್ಸುಲೇಷನ್ ಟೇಪ್ ಅಲ್ಲಿ ಒಂದು ವಾರವೂ ಬಾಳುವುದಿಲ್ಲ.

ಇನ್ನು ಥರ್ಮಿಸ್ಟರ್. ಎಲೆಕ್ಟ್ರಾನಿಕ್ ಪ್ಯಾನೆಲ್ ಇರುವ ಮೆಷಿನ್‌ನಲ್ಲಿ ಬಿಸಿ ಎಷ್ಟಿದೆ ಎಂದು ಬೋರ್ಡ್‌ಗೆ ಹೇಳುವುದು ಇದೇ. ಬಹಳ ಮಾದರಿಗಳಲ್ಲಿ 25 ಡಿಗ್ರಿಗೆ 10 ಸಾವಿರ ಓಮ್ ತೋರಿಸುತ್ತದೆ. ಬೇರೆ ಅಂಕಿಯವೂ ಇವೆ, ನಕ್ಷೆ ನೋಡಿ. ಇದಕ್ಕೆ ಮೀಟರನ್ನು 20 ಸಾವಿರ ಓಮ್ ಸ್ಥಾನಕ್ಕೆ ತಿರುಗಿಸಿಕೊಳ್ಳಿ, 200ರಲ್ಲಿ ಅಳೆಯಲು ಆಗುವುದಿಲ್ಲ. ಮೀಟರ್ ಸಿಕ್ಕಿಸಿದ ಹಾಗೇ ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ. ಮೈಬಿಸಿಗೆ ಓಮ್ ನಿಧಾನವಾಗಿ, ಒಂದೇ ಸಮನೆ ಇಳಿಯುತ್ತಾ ಹೋಗಬೇಕು. ಇಳಿಯದೆ ನಿಂತರೆ ಅಥವಾ ಕುಣಿದಾಡಿದರೆ ಬದಲಿಸಿ.

ಇಷ್ಟೂ ಸರಿಯಿದ್ದರೆ ಉಳಿಯುವುದು ಎರಡು. ಮೋಟಾರ್ ಮೇಲಿನ ಸೆಂಟ್ರಿಫ್ಯೂಗಲ್ ಸ್ವಿಚ್ ಒಂದು. ಅದು ಇರುವ ಮೆಷಿನ್‌ಗಳಲ್ಲಿ, ಮೋಟಾರ್ ವೇಗ ಹಿಡಿದ ಮೇಲೆ ಮಾತ್ರ ಹೀಟರ್‌ಗೆ ಕರೆಂಟ್ ಹೋಗುತ್ತದೆ. ಫ್ಯಾನ್ ಇಲ್ಲದೆ ಕಾಯಿಲ್ ಕಾಯಬಾರದು ಎಂದು ಮಾಡಿದ ಏರ್ಪಾಡು. ಇನ್ನೊಂದು ಬೋರ್ಡ್ ಮೇಲಿನ ಹೀಟರ್ ರಿಲೇ, ಅಂದರೆ ಬೋರ್ಡ್ ಹೇಳಿದಾಗ ಹೀಟರ್‌ಗೆ ಕರೆಂಟ್ ಕೊಡುವ ಸ್ವಿಚ್. ಅದರ ಬೆಸುಗೆಯ ಸುತ್ತ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅನುಮಾನವೇ ಬೇಡ. ಈ ಹಂತಕ್ಕೆ ಬಂದರೆ ನಾನಾದರೆ ಟೆಕ್ನಿಷಿಯನ್ ಕರೆಯಿರಿ ಎನ್ನುತ್ತೇನೆ. ಇಲ್ಲಿಂದ ಮುಂದೆ ಅಂದಾಜಿನ ಮೇಲೆ ಬಿಡಿಭಾಗ ತರಿಸುವುದು ದುಬಾರಿ ಹವ್ಯಾಸ.

ಬೇರೆ ಥರದ ಡ್ರೈಯರ್ ಇರುವವರಿಗೆ

ಹೀಟ್ ಪಂಪ್ ಡ್ರೈಯರ್‌ನಲ್ಲಿ ಈ ಕಾಯಿಲ್ ಹುಡುಕಬೇಡಿ, ಸಾಮಾನ್ಯವಾಗಿ ಇರುವುದೇ ಇಲ್ಲ. ಅದರಲ್ಲಿ ಫ್ರಿಜ್ಜಿನಂತೆ ಕಂಪ್ರೆಸರ್ ಇದೆ. ಬಟ್ಟೆ ಬೆಚ್ಚಗೆ ಮಾತ್ರ ಆಗುತ್ತದೆ, 50 ಡಿಗ್ರಿ ಆಸುಪಾಸು. ಹಳೆಯ ಡ್ರೈಯರ್‌ನ ಸುಡುವ ಬಿಸಿ ಕಂಡವರಿಗೆ ಇದು ಕೆಟ್ಟಿದೆ ಅನ್ನಿಸುತ್ತದೆ. ಬಟ್ಟೆ ಹೇಳಿದ ಸಮಯಕ್ಕೆ ಒಣಗುತ್ತಿದ್ದರೆ ಕೆಟ್ಟಿಲ್ಲ. ಒಣಗದಿದ್ದರೆ ಫಿಲ್ಟರ್‌ಗಳ ಹಿಂದಿನ ತೆಳು ಲೋಹದ ರೆಕ್ಕೆಗಳ ಮೇಲೆ ಲಿಂಟ್ ಹಾಸು ಬಿದ್ದಿದೆಯೇ ನೋಡಿ. ಮೆತ್ತನೆಯ ಬ್ರಷ್‌ನಿಂದ ರೆಕ್ಕೆ ನಿಂತ ದಿಕ್ಕಿನಲ್ಲೇ ಎಳೆಯಿರಿ, ಅಡ್ಡ ಎಳೆದರೆ ಮಡಚಿಕೊಳ್ಳುತ್ತವೆ. ಗ್ಯಾಸ್ ಸೋರಿದ್ದರೆ ಅದು ಮನೆಯ ಕೆಲಸವಲ್ಲ. ಈಗಿನ ಬಹಳ ಮಾದರಿಗಳಲ್ಲಿ ಆರ್290, ಅಂದರೆ ಪ್ರೊಪೇನ್ ತುಂಬಿರುತ್ತದೆ, ಹೊತ್ತಿಕೊಳ್ಳುವಂಥದ್ದು.

ಒಗೆದು ಒಣಗಿಸುವ ಎರಡೂ ಕೆಲಸ ಮಾಡುವ ಮೆಷಿನ್ ಇರುವವರು ಮೊದಲು ಬಟ್ಟೆ ಎಷ್ಟು ತುಂಬುತ್ತಿದ್ದೀರಿ ನೋಡಿ. ಒಗೆಯುವಷ್ಟನ್ನೂ ಒಟ್ಟಿಗೆ ಒಣಗಿಸಲು ಅದಕ್ಕೆ ಆಗುವುದಿಲ್ಲ. ಮೈಮೇಲೆ ಒಣಗಿಸುವ ತೂಕ ಬೇರೆಯೇ ಬರೆದಿರುತ್ತದೆ.

ಗ್ಯಾಸ್ ಡ್ರೈಯರ್‌ನಲ್ಲಿ ಗ್ಯಾಸ್ ಹೊತ್ತಿಸುವ ಇಗ್ನೈಟರ್ ಕೆಂಪಗೆ ಹೊಳೆದು, ಜ್ವಾಲೆ ಹೊತ್ತದೆ ಆರಿಹೋದರೆ ಸಾಮಾನ್ಯವಾಗಿ ಗ್ಯಾಸ್ ವಾಲ್ವಿನ ಕಾಯಿಲ್‌ಗಳು ದುರ್ಬಲವಾಗಿವೆ. ಮೊದಲ ಸಲ ಹಾಕಿದ ಬಟ್ಟೆ ಒಣಗಿ ಎರಡನೆಯದು ತಣ್ಣಗೆ ಬರುವುದು ಇದರ ಗುರುತು. ಕಾದ ಮೇಲೆ ಅವು ವಾಲ್ವನ್ನು ಎಳೆಯಲಾರವು. ಕಾರಣ ತಿಳಿದುಕೊಳ್ಳಿ, ಕೈ ಹಾಕುವುದನ್ನು ಪರವಾನಗಿ ಇರುವವರಿಗೆ ಬಿಡಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಹೋಗಿ ಕರೆ ಮಾಡಿ.

ಮುಚ್ಚುವ ಮುಂಚೆ ಮತ್ತು ಮುಚ್ಚಿದ ಮೇಲೆ

ಮೆಷಿನ್ ಹೇಗೂ ತೆರೆದಿದೆ. ಹೀಟರ್ ಪೆಟ್ಟಿಗೆಯ ಸುತ್ತ, ಮೋಟಾರ್ ಮೇಲೆ, ತಳದ ತಗಡಿನ ಮೂಲೆಗಳಲ್ಲಿ ಬಿದ್ದ ಲಿಂಟನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆಯಿರಿ. ಬ್ಲೋವರ್ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿ. ಅದು ಮೋಟಾರ್ ಕಡ್ಡಿಯ ಮೇಲೆ ಜಾರಬಾರದು. ಪ್ಲಾಸ್ಟಿಕ್ ಫ್ಯಾನಿನ ನಡುವಿನ ತೂತು ಸವೆದು ಹೋದರೆ ಮೋಟಾರ್ ತಿರುಗಿದರೂ ಫ್ಯಾನ್ ಸೋಮಾರಿಯಾಗಿ ಸುತ್ತುತ್ತದೆ, ಪೈಪ್ ಎಷ್ಟೇ ಸ್ವಚ್ಛವಿದ್ದರೂ ಗಾಳಿ ಬರುವುದಿಲ್ಲ.

ಪೈಪ್ ಬದಲಿಸುವುದಾದರೆ ಗಟ್ಟಿ ಲೋಹದ, ಒಳಮೈ ನುಣುಪಾದ ಪೈಪ್ ಹಾಕಿ. ಪ್ಲಾಸ್ಟಿಕ್‌ನದು ಬೇಡ, ಅದು ಉರಿಯುತ್ತದೆ. ಆದಷ್ಟು ಗಿಡ್ಡ, ಆದಷ್ಟು ನೇರ. ಜೋಡಣೆಗೆ ಲೋಹದ ಟೇಪ್ ಸುತ್ತಿ. ಸ್ಕ್ರೂ ಹೊಡೆದರೆ ಅದರ ತುದಿ ಒಳಗೆ ಚಾಚಿಕೊಂಡು ಲಿಂಟ್ ಹಿಡಿಯುತ್ತದೆ.

ಎಲ್ಲ ಸೇರಿಸಿ, ಎಲ್ಲ ತಗಡನ್ನೂ ಮುಚ್ಚಿದ ಮೇಲೆಯೇ ಪ್ಲಗ್ ಹಾಕಿ. ಮೊದಲು ಖಾಲಿ ಡ್ರಮ್ಮನ್ನು ಐದು ನಿಮಿಷ ಓಡಿಸಿ. ಹೊಸ ಹೀಟರ್ ಹಾಕಿದ್ದರೆ ಸ್ವಲ್ಪ ಸುಟ್ಟ ವಾಸನೆ ಬರುವುದು ಸಹಜ, ಒಂದೆರಡು ಸಲಕ್ಕೆ ಹೋಗುತ್ತದೆ. ಹೊಗೆ ಬಂದರೆ ಸಹಜವಲ್ಲ, ಪ್ಲಗ್ ಕೀಳಿ. ಆಮೇಲೆ ಒದ್ದೆ ಬಟ್ಟೆ ಹಾಕಿ, ಹೊರಗಿನ ಮುಚ್ಚಳದ ಹತ್ತಿರ ಹೋಗಿ ನಿಲ್ಲಿ. ಮುಚ್ಚಳ ಪೂರ್ತಿ ಎದ್ದಿರಬೇಕು, ಬೆಚ್ಚನೆಯ ತೇವದ ಗಾಳಿ ಮುಖಕ್ಕೆ ಹೊಡೆಯಬೇಕು. ನಡುನಡುವೆ ಬಿಸಿ ನಿಂತು ಮತ್ತೆ ಬಂದರೆ ಗಾಬರಿ ಬೇಡ, ಮಾಮೂಲಿ ಥರ್ಮೋಸ್ಟಾಟ್ ಕೆಲಸ ಮಾಡುವುದೇ ಹಾಗೆ. ಒಂದು ಸಾಧಾರಣ ಲೋಡ್ ಒಣಗಲು ಎಷ್ಟು ಹೊತ್ತಾಯಿತು ಎಂದು ಎಲ್ಲಾದರೂ ಬರೆದಿಡಿ. ಮುಂದೆ ಆ ಸಮಯ ಏರತೊಡಗಿದರೆ ಫ್ಯೂಸ್ ಹಾರುವ ತನಕ ಕಾಯದೆ ಪೈಪ್ ಕಳಚಿ ನೋಡಿ.

ಗಾಳಿಯ ದಾರಿ ಪೂರ್ತಿ ಸ್ವಚ್ಛ ಮಾಡಿ, ಕಟ್-ಆಫ್ ಹೊಸದು ಹಾಕಿದ ಮೇಲೂ ಕೆಲವೇ ವಾರದಲ್ಲಿ ಅದು ಮತ್ತೆ ಹಾರಿದರೆ ಮೂರನ್ನು ನೋಡಿ. ಬ್ಲೋವರ್ ಹತ್ತಿರ ಬಿಸಿಯನ್ನು ಹಿಡಿತದಲ್ಲಿಡುವ ಮಾಮೂಲಿ ಥರ್ಮೋಸ್ಟಾಟ್ ಅಂಟಿಕೊಂಡು ಕರೆಂಟ್ ಕಡಿಯದೆ ಇರಬಹುದು. ಹೀಟರ್ ಕಾಯಿಲ್ ತಗಡಿಗೆ ತಾಗುತ್ತಿರಬಹುದು. ಅಥವಾ ಡ್ರಮ್ಮಿನ ಅಂಚಿನ ಫೆಲ್ಟ್ ಸೀಲ್ ಹರಿದು, ಫ್ಯಾನ್ ಹೀಟರ್ ಮೂಲಕ ಎಳೆಯಬೇಕಾದ ಗಾಳಿಯನ್ನು ಆ ಸಂದಿಯಿಂದ ಎಳೆಯುತ್ತಿರಬಹುದು. ಮೂರನೆಯದನ್ನು ಪತ್ತೆಮಾಡುವುದು ಸುಲಭ: ಡ್ರಮ್ ಓಡುವಾಗ ಬಾಗಿಲಿನ ಸುತ್ತ ಒಂದು ತೆಳು ಟಿಶ್ಯೂ ಕಾಗದ ಹಿಡಿದು ಸುತ್ತಿಸಿ. ಕಾಗದವನ್ನು ಒಳಗೆ ಎಳೆದುಕೊಳ್ಳುವ ಜಾಗದಲ್ಲಿ ಸೀಲ್ ಹೋಗಿದೆ.